ಗಾಯದ ಅಂಚು ದಾಟುವ ಕಲೆ

ಕಿವಿ ಚುಚ್ಚಿಸಿದ ಜಾಗದಲ್ಲಿ ಅಕ್ಕನ ಮಗಳಿಗೆ ಬೆಳೆದಿರುವ ಕಡಲೆಕಾಳಿನ ಗಾತ್ರದ ನುಣುಪಾದ ಗಂಟು ಕೀಲಾಯ್ಡ್ ಎಂದು ಚರ್ಮವೈದ್ಯರು ಇಂದು ಹೇಳಿದರು. ಸಾಮಾನ್ಯ ಕಲೆ ಗಾಯವಾದಷ್ಟೇ ಜಾಗದಲ್ಲಿ ಉಳಿದರೆ, ಇದರಲ್ಲಿ ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ಅತಿಯಾಗಿ ಸೇರುತ್ತ ಹೋಗಿ ಕಲೆಯು ಗಾಯದ ಅಂಚನ್ನೂ ದಾಟಿ ಹಬ್ಬುತ್ತದೆ. ಬರೀ ಕತ್ತರಿಸಿ ತೆಗೆದರೆ ಬಹಳಷ್ಟು ಸಲ ಮರಳಿ ಬರುತ್ತದೆ. ಆದ್ದರಿಂದ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡನ್ನು ಸಾಮಾನ್ಯವಾಗಿ 4ರಿಂದ 6 ವಾರಗಳಿಗೊಮ್ಮೆ ಸಣ್ಣ ಸೂಜಿಯಿಂದ ಗಂಟಿನೊಳಕ್ಕೇ ಕೊಡುತ್ತಾರೆ. ಮೇಲೆ ಹಚ್ಚುವ ಮುಲಾಮು ಅಷ್ಟು ಗಟ್ಟಿಯಾದ ಅಂಗಾಂಶದ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಸೂಜಿ ತುಸು ಕೆಳಗೆ ಕೊಬ್ಬಿನ ಪದರಕ್ಕೆ ಜಾರಿದರೆ ಅಲ್ಲಿ ಚರ್ಮ ಕುಳಿಬೀಳಬಹುದು. ವೈದ್ಯರು ಸಿರಿಂಜನ್ನು ಹೆಬ್ಬೆರಳಿನಿಂದ ಬಲವಾಗಿಯೇ ಒತ್ತಬೇಕಾಯಿತು, ಗಂಟು ಬಿಳಿಚಿಕೊಂಡಿತು. ದಿನಕ್ಕೆ 12 ಗಂಟೆಗೂ ಹೆಚ್ಚು ಕಾಲ ಅಂಟಿಸಿಕೊಳ್ಳುವ ಸಿಲಿಕೋನ್ ಹಾಳೆಯೂ ಇದೆಯಾದರೂ, ಕಿವಿಹಾಲೆಯ ಡೊಂಕಿನ ಮೇಲೆ, ಅದೂ ನಮ್ಮ ಕರಾವಳಿಯ ಬೆವರಿನಲ್ಲಿ, ಅದು ನಿಲ್ಲುವುದು ನನಗೆ ಅನುಮಾನವೇ.