ಚಂದೂ ತೆರೆಸಿದ ಬಾಗಿಲು

ನಮ್ಮ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, 1994ರಲ್ಲಿ ಎಂ.ಎ.ಗೆಂದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ (ಜೆಎನ್‌ಯು) ಸೇರಿದೆ. ಸೀಟು ಸಿಕ್ಕಿದ್ದರಲ್ಲಿ ನನ್ನ ಓದಿನ ಪಾಲು ಇತ್ತು, ನಿಜ. ಆದರೆ ನಮ್ಮದು ಹಿಂದುಳಿದ ಜಿಲ್ಲೆ ಎಂಬ ಕಾರಣಕ್ಕೆ ಪ್ರವೇಶ ಪರೀಕ್ಷೆಯ ಅಂಕಗಳ ಜೊತೆಗೆ ಇನ್ನೊಂದಿಷ್ಟು ಅಂಕ ಸೇರಿದ್ದವು. ಸಾಕ್ಷರತೆಯಂಥ ಮಾನದಂಡ ನೋಡಿ ಜಿಲ್ಲೆಗಳನ್ನು ವಿಂಗಡಿಸಿ ಕೊಡುತ್ತಿದ್ದ ಈ ಅಂಕಗಳನ್ನು 1983ರಲ್ಲಿ ಕ್ಯಾಂಪಸ್ಸಿನಲ್ಲಿ ನಡೆದ ವಿದ್ಯಾರ್ಥಿ ಗಲಾಟೆಯ ನಂತರ ಆಡಳಿತ ಕಿತ್ತುಹಾಕಿತ್ತು. ಹತ್ತು ವರ್ಷ ಕಳೆದ ಮೇಲೆ ವಿದ್ಯಾರ್ಥಿಗಳು ಹೋರಾಡಿ ಮರಳಿ ಪಡೆದರು. ಆ ವರ್ಷ ವಿದ್ಯಾರ್ಥಿ ಸಂಘದ ಉಪಾಧ್ಯಕ್ಷರಾಗಿದ್ದವರು ಚಂದ್ರಶೇಖರ್ ಪ್ರಸಾದ್. ಕ್ಯಾಂಪಸ್ಸಿಗೆಲ್ಲ ಅವರು ಚಂದೂ.

ಬಿಹಾರದ ಸಿವಾನ್ ಜಿಲ್ಲೆಯ ಬಿಂದುಸಾರ ಅವರ ಊರು. ತಂದೆ ವಾಯುಪಡೆಯಲ್ಲಿದ್ದರು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ತಾಯಿ ಕೌಶಲ್ಯಾ ದೇವಿ ಒಬ್ಬರೇ ಬೆಳೆಸಿದರು. ತಿಲೈಯಾದ ಸೈನಿಕ ಶಾಲೆಯಲ್ಲಿ ಓದಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಆಯ್ಕೆಯಾದ ಹುಡುಗ, ಅದನ್ನು ಬಿಟ್ಟು ಪಟ್ನಾಕ್ಕೆ ಬಂದು ಎಡಪಂಥೀಯ ವಿದ್ಯಾರ್ಥಿ ರಾಜಕೀಯಕ್ಕೆ ಇಳಿದರು. ಗಂಡನಿಲ್ಲದ ಮನೆಯಲ್ಲಿ, ಕೈಗೆ ಬಂದ ಅಧಿಕಾರಿಯ ನೌಕರಿಯನ್ನು ಮಗ ಬಿಟ್ಟುಬಂದಾಗ ಆ ತಾಯಿಗೆ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಸೇರಿದ ವರ್ಷವೇ ಅವರು ಎಡಪಕ್ಷವಾದ ಸಿಪಿಐ (ಎಂಎಲ್) ಲಿಬರೇಷನ್‌ನ ವಿದ್ಯಾರ್ಥಿ ಸಂಘಟನೆ ಐಸಾದಿಂದ ವಿದ್ಯಾರ್ಥಿ ಸಂಘದ ಅಧ್ಯಕ್ಷರಾದರು, ಮರುವರ್ಷ ಮತ್ತೆ ಗೆದ್ದರು. ಜೆಎನ್‌ಯು ಚುನಾವಣೆಯನ್ನು ಆಗ ವಿದ್ಯಾರ್ಥಿಗಳೇ ನಡೆಸುತ್ತಿದ್ದರು. ಗೋಡೆ ತುಂಬ ಕೈಬರಹದ ಪೋಸ್ಟರ್, ಹಾಸ್ಟೆಲ್ ಮೆಸ್ಸಿನಲ್ಲಿ ರಾತ್ರಿ ಊಟದ ನಂತರ ಭಾಷಣ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ನಡುವೆ ನಡುರಾತ್ರಿ ದಾಟುವ ವಾಗ್ವಾದ. ಇಂಗ್ಲಿಷ್ ಬಾರದೆ ತರಗತಿಯಲ್ಲಿ ಬಾಯಿ ಬಿಡಲು ಹೆದರುತ್ತಿದ್ದ ನಮ್ಮಂಥವರಿಗೆ ಅದೇ ಎರಡನೇ ತರಗತಿ. ಶುಲ್ಕ ಏರಿದರೆ ಯಾರು ಮನೆಗೆ ವಾಪಸ್ಸು ಹೋಗಬೇಕಾಗುತ್ತದೆ, ವಿಶ್ವವಿದ್ಯಾಲಯ ಯಾರ ದುಡ್ಡಿನಿಂದ ನಡೆಯುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಚಂದೂ ಅವರ ಪಕ್ಷದ ಎಲ್ಲ ಮಾತನ್ನೂ ನಾನು ಒಪ್ಪಿದವನಲ್ಲ, ಇಂದಿಗೂ ಒಪ್ಪುವುದಿಲ್ಲ. ಅವರ ಬಗ್ಗೆ ಗೌರವ ಇಟ್ಟುಕೊಳ್ಳಲು ಒಪ್ಪಲೇಬೇಕೆಂದೇನೂ ಇರಲಿಲ್ಲ.

ಜೆಎನ್‌ಯುನಿಂದ ಐಎಎಸ್‌ಗೆ ಹೋದವರುಂಟು, ವಿದೇಶಕ್ಕೆ ಹೋದವರುಂಟು. ಎರಡು ಬಾರಿ ಅಧ್ಯಕ್ಷರಾದವರು ದೆಹಲಿಯಲ್ಲೇ ನೆಲೆ ಕಂಡುಕೊಳ್ಳುವುದು ಕಷ್ಟವಿರಲಿಲ್ಲ. ಚಂದೂ ಊರಿಗೆ ಹೋದರು. ಸಿಪಿಐ (ಎಂಎಲ್) ಲಿಬರೇಷನ್ ಪಕ್ಷದ ಪೂರ್ಣಾವಧಿ ಕಾರ್ಯಕರ್ತರಾಗಿ, ಭೂಮಾಲೀಕರ ಮತ್ತು ಬಂದೂಕಿನ ರಾಜಕಾರಣ ಬೇರುಬಿಟ್ಟಿದ್ದ ಸಿವಾನ್‌ನಲ್ಲೇ ಕೆಲಸ ಶುರು ಮಾಡಿದರು. 1997ರ ಮಾರ್ಚ್ 31ರಂದು, ಏಪ್ರಿಲ್ 2ರ ಬಂದ್‌ಗಾಗಿ ಬೀದಿಸಭೆ ನಡೆಸುತ್ತಿದ್ದಾಗ, ಪಟ್ಟಣದ ಜೆ.ಪಿ. ಚೌಕದಲ್ಲಿ ಅವರನ್ನು ಹಾಡಹಗಲೇ ಗುಂಡಿಟ್ಟು ಕೊಂದರು. ಜೊತೆಗಿದ್ದ ಶ್ಯಾಮ್ ನಾರಾಯಣ್ ಯಾದವ್ ಕೂಡ ಬಲಿಯಾದರು. ಚಂದೂಗೆ ಆಗ 32 ವರ್ಷ.

ಸುದ್ದಿ ಬಂದ ರಾತ್ರಿ ಕ್ಯಾಂಪಸ್ಸಿನಲ್ಲಿ ಯಾರೂ ಮಲಗಲಿಲ್ಲ. ಅವರಿಗೆ ವೋಟು ಹಾಕದವರೂ ದೆಹಲಿಯಲ್ಲಿರುವ ಬಿಹಾರ ಸರ್ಕಾರದ ಬಿಹಾರ ಭವನದ ಮುಂದಿನ ಪ್ರತಿಭಟನೆಗೆ ಬಂದರು. ಗುಂಡಿಟ್ಟ ಮೂವರಿಗೆ ಜೀವಾವಧಿ ಶಿಕ್ಷೆಯಾಗುವ ಹೊತ್ತಿಗೆ 2012 ಬಂದಿತ್ತು. ಪ್ರಧಾನಮಂತ್ರಿಯ ಕಡೆಯಿಂದ ಬಂದ ಒಂದು ಲಕ್ಷ ರೂಪಾಯಿಯ ಡ್ರಾಫ್ಟನ್ನು ಕೌಶಲ್ಯಾ ದೇವಿ ಹಿಂದಿರುಗಿಸಿದರು. ಆಕೆ ಕೇಳಿದ್ದು ನ್ಯಾಯ.

ಸಾವಿನ ದಿನ ಅವರನ್ನು ನೆನೆಯುವವರು ಬಹಳ ಜನ. ನನಗೆ ಅವರ ಸಾವಿಗಿಂತ ಆ ಅಂಕಗಳು ಹೆಚ್ಚು ನೆನಪಾಗುತ್ತವೆ. 2017ರಲ್ಲಿ ಎಂ.ಫಿಲ್., ಪಿಎಚ್.ಡಿ. ಪ್ರವೇಶದಿಂದ ಅವುಗಳನ್ನು ತೆಗೆದರು ಎಂದು ಓದಿದಾಗ ಹೊಟ್ಟೆ ಉರಿಯಿತು. ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಮೊದಲು ನನಗೆ ಫೋನ್ ಮಾಡುತ್ತಾರೆ. ಯಾವ ಪುಸ್ತಕ ಓದಬೇಕೆಂದು ಹೇಳುತ್ತೇನೆ. ಜೊತೆಗೆ, ನಾನು ಅಲ್ಲಿಗೆ ಹೋದದ್ದು ಹೇಗೆ ಎಂಬುದನ್ನೂ ಚಂದೂ ಹೆಸರು ಹಿಡಿದೇ ಹೇಳುತ್ತೇನೆ.