ಡಿಸ್ಕ್ ಅಳಿಸುವ ಮುಂಚೆ ಅಡಾಪ್ಟರ್ ನೋಡಿ

ನ್ಯಾಸ್ (ಮನೆಯ ಅಥವಾ ಆಫೀಸಿನ ನೆಟ್‌ವರ್ಕ್‌ನಲ್ಲಿ ಎಲ್ಲರ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ) ಬೂಟ್ ಆಗುತ್ತಿಲ್ಲ ಅಂತ ಟಿಕೆಟ್ ಬಂದರೆ ನಮ್ಮ ಸಪೋರ್ಟ್ ಸ್ಕ್ರಿಪ್ಟ್ ಹೇಳುವುದು ಇಷ್ಟೇ: ರೀಬೂಟ್ ಮಾಡಿಸಿ, ರೀಸೆಟ್ ಒತ್ತಿಸಿ, ಆಗದಿದ್ದರೆ ಹೊಸದಾಗಿ ಸೆಟಪ್ ಮಾಡಿಸಿ. ಆ ಕೊನೇ ಮಾತು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹೊಸದಾಗಿ ಸೆಟಪ್ ಅಂದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಹೋಯಿತು ಅಂತ ಅರ್ಥ. ಸ್ಕ್ರಿಪ್ಟ್ ಬರೆದವರು ಅದನ್ನು ಎಲ್ಲೂ ಹೇಳಿಲ್ಲ.

ಆ ಸಲ ಬಂದದ್ದು ನಾಲ್ಕು ಬೇ (ಡಿಸ್ಕ್ ಕೂರಿಸುವ ಗೂಡು) ಇರುವ ಮನೆಬಳಕೆಯ ಪೆಟ್ಟಿಗೆ, ರೇಡ್ 5, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಎಲ್ಲ ಡಿಸ್ಕ್‌ಗಳಿಗೂ ಹಂಚಿಡುವ ಜೋಡಣೆ. ಒಂದು ಕುಟುಂಬದ ಫೋಟೋಗಳೆಲ್ಲ ಅದರಲ್ಲೇ. ಮಗಳ ಪಿಎಚ್‌ಡಿ ಕೆಲಸ, ತೀರಿಹೋದ ಅಜ್ಜಿ ಹೇಳಿದ ಕಥೆಗಳ ರೆಕಾರ್ಡಿಂಗ್ ಕೂಡ. ಬೇರೆ ಕಾಪಿ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಪವರ್ ದೀಪ ಮಿಣುಕುತ್ತಲೇ ಇದೆ, ಬೂಟ್ ಆದಾಗ ಬರುವ ಬೀಪ್ ಬರುತ್ತಿಲ್ಲ.

ಅದು ನನ್ನ ಕೈಗೆ ಬರುವಷ್ಟರಲ್ಲಿ ಎಲ್1ನ (ಮೊದಲ ಹಂತದ ಸಪೋರ್ಟ್) ಹುಡುಗ ಡಿಸ್ಕ್‌ಗಳನ್ನು ಸ್ಪೇರ್ ಪೆಟ್ಟಿಗೆಗೆ ಹಾಕಿ ಆನ್ ಮಾಡಿದ್ದ. ಅದು ಬೇರೆ ಮಾಡೆಲ್. ಪರದೆ ಮೇಲೆ ‘ಡಿಸ್ಕ್‌ಗಳಲ್ಲಿರುವ ಎಲ್ಲ ಡೇಟಾ ಅಳಿಸಲಾಗುತ್ತದೆ’ ಅನ್ನುವ ಎಚ್ಚರಿಕೆ. ಕೆಳಗೆ ಟಿಕ್ ಹಾಕಿಯೂ ಆಗಿತ್ತು. ಪಕ್ಕದ ಪರದೆಯಲ್ಲಿ ಟಿಕೆಟ್ ಮುಗಿಸಬೇಕಾದ ಗಡುವು ತೋರಿಸುವ ಎಸ್‌ಎಲ್‌ಎ ಟೈಮರ್ ಕೆಂಪಾಗಿತ್ತು, ಮೌಸ್ ‘ಮುಂದೆ’ ಬಟನ್ ಮೇಲೇ ನಿಂತಿತ್ತು. ‘ಒಂದು ನಿಮಿಷ, ಮೌಸ್ ಬಿಡು’ ಅಂದೆ. ಬಿಟ್ಟ. ಪಾಪ, ಅವನು ಸ್ಕ್ರಿಪ್ಟ್‌ನಲ್ಲಿ ಇದ್ದದ್ದನ್ನೇ ಮಾಡುತ್ತಿದ್ದ. ಆದರೆ ಆ ಒಂದು ಕ್ಲಿಕ್ ಆಗಿದ್ದರೆ ಮುಂದೆ ಬರೆಯಲು ಏನೂ ಉಳಿಯುತ್ತಿರಲಿಲ್ಲ.

ಎರಡೂ ಪೆಟ್ಟಿಗೆ ಆಫ್ ಮಾಡಿ, ಪ್ರತಿ ಡಿಸ್ಕಿಗೂ ಅದರ ಹಳೇ ಬೇ ನಂಬರ್ ಅಂಟಿಸಿದೆವು. ರೇಡ್‌ನಲ್ಲಿ ಯಾವ ಡಿಸ್ಕ್ ಎಷ್ಟನೆಯದು ಅನ್ನುವುದು ಡಿಸ್ಕಿನೊಳಗಿನ ಸೂಪರ್‌ಬ್ಲಾಕ್ ಅನ್ನುವ ಮಾಹಿತಿ ಭಾಗದಲ್ಲಿ ಇರುತ್ತದೆ, ನಿಜ. ಆದರೂ ಆಮೇಲೆ ‘ಬೇ 3 ಕೆಟ್ಟಿದೆ’ ಅಂತ ಲಾಗ್ ಹೇಳಿದಾಗ ಬೇ 3 ಯಾವುದು ಅಂತ ಗೊತ್ತಿರಬೇಕು, ಅಲ್ವಾ?

ಆಮೇಲೆ ಗ್ರಾಹಕರ ಪೆಟ್ಟಿಗೆಯನ್ನೇ ಡಿಸ್ಕ್ ಇಲ್ಲದೆ ಖಾಲಿಯಾಗಿ ಆನ್ ಮಾಡಿದೆವು. ಬೀಪ್ ಬಂತು, ನೆಟ್‌ವರ್ಕ್‌ನಲ್ಲೂ ಕಾಣಿಸಿತು. ಅಂದರೆ ಬೋರ್ಡ್, ರ‍್ಯಾಮ್, ಒಳಗಿನ ಫ್ಲ್ಯಾಶ್ ಮೂರೂ ಸರಿ. ಖಾಲಿ ಇದ್ದಾಗಲೂ ಏಳದಿದ್ದರೆ ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ನೋಡಬೇಕಿತ್ತು. ಅಥವಾ 2017ರಲ್ಲಿ ಬೆಳಕಿಗೆ ಬಂದ ಇಂಟೆಲ್ ಆಟಮ್ ಸಿ2000 ಚಿಪ್‌ನ, ಯಂತ್ರ ಬೂಟ್ ಆಗದಂತೆ ಮಾಡುವ ಕ್ಲಾಕ್ ದೋಷದ ಕಡೆ ಹೋಗಬೇಕಿತ್ತು. ಇಲ್ಲಿ ಆ ಚಿಪ್ ಇರಲಿಲ್ಲ.

ಗ್ರಾಹಕರ ಡಿಸ್ಕ್‌ಗಳನ್ನು ಮತ್ತೆ ಮತ್ತೆ ಆನ್-ಆಫ್ ಮಾಡಲು ನನಗೆ ಮನಸ್ಸಿರಲಿಲ್ಲ. ಸ್ಟೋರ್‌ನಿಂದ ಹಳೇ ಖಾಲಿ ಡಿಸ್ಕ್‌ಗಳನ್ನು ತಂದೆವು. ಎರಡು ಹಾಕಿದರೆ ಬೂಟ್ ಆಗುತ್ತದೆ. ನಾಲ್ಕು ಹಾಕಿದರೆ ಸುಯ್ ಅಂತ ಏರಿದ ಸದ್ದು ಅರ್ಧದಲ್ಲೇ ಇಳಿಯುತ್ತದೆ, ದೀಪ ಒಮ್ಮೆ ಆರಿ ಮತ್ತೆ ಮಿಣುಕುತ್ತದೆ. ಗುಟ್ಟು ಅಲ್ಲೇ ಇತ್ತು. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಮ್ಮೆ ವೇಗ ಹಿಡಿದರೆ ಅಷ್ಟು ಬೇಡ. ಅಡಾಪ್ಟರ್ ಒಳಗಿನ ಕೆಪ್ಯಾಸಿಟರ್‌ಗಳು ವರ್ಷಗಟ್ಟಲೆ ಬಿಸಿಯಲ್ಲಿದ್ದು ಸೊರಗಿದರೆ ಆ ಮೊದಲ ಎಳೆತವನ್ನೇ ತಡೆದುಕೊಳ್ಳುವುದಿಲ್ಲ. ಸುಮ್ನೆ ಅಳೆದಾಗ ಮೀಟರ್ 12.1 ತೋರಿಸಿತು. ಮುಚ್ಚಳ ತೆಗೆದು, ಬೋರ್ಡಿಗೆ ಪವರ್ ಬರುವ ಜಾಗದಲ್ಲೇ ಪ್ರೋಬ್ ಹಿಡಿದು ನಾಲ್ಕೂ ಡಿಸ್ಕ್ ತಿರುಗಿಸಿದಾಗ ಹತ್ತಕ್ಕಿಂತ ಕೆಳಗೆ ಕುಸಿಯಿತು. ಲೋಡ್ ಇಲ್ಲದೆ ಅಡಾಪ್ಟರ್ ಅಳೆದು ‘ಸರಿ ಇದೆ’ ಅನ್ನುವುದನ್ನು ದಯವಿಟ್ಟು ಬಿಡಿ.

ಲೇಬಲ್‌ನಲ್ಲಿ 12 ವೋಲ್ಟ್, 8.33 ಆಂಪಿಯರ್ ಅಂತ ಇತ್ತು. ಅದೇ ವೋಲ್ಟೇಜ್, ಅಷ್ಟೇ ಆಂಪಿಯರ್, ಅದೇ ಪಿನ್ ಜೋಡಣೆಯ ಇನ್ನೊಂದು ಅಡಾಪ್ಟರ್ ಹಾಕಿ, ಈಗ ಅವರ ಡಿಸ್ಕ್‌ಗಳನ್ನು ಕೂರಿಸಿದೆವು. ಬೀಪ್ ಬಂತು.

ಲಾಗಿನ್ ಆದ ಕೂಡಲೇ ಕೆಂಪು ಪಟ್ಟಿ: ವಾಲ್ಯೂಮ್ ಡಿಗ್ರೇಡೆಡ್. ಅಂದರೆ ರೇಡ್ ಒಂದು ಡಿಸ್ಕ್ ಕಡಿಮೆಯಲ್ಲಿ ನಡೆಯುತ್ತಿದೆ, ಬೇ 3ರ ಡಿಸ್ಕ್ ಹೊರಬಿದ್ದಿದೆ. ಬೇ 1ರ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) ಪೆಂಡಿಂಗ್ ಸೆಕ್ಟರ್‌ಗಳು, ಅಂದರೆ ಸರಿಯಾಗಿ ಓದಲಾಗದ ಜಾಗಗಳು. ಪಕ್ಕದಲ್ಲೇ ದೊಡ್ಡದಾಗಿ ‘ರಿಪೇರ್’ ಬಟನ್. ಮ್ಯಾನೇಜರ್ ಬಂದು, ‘ಡಿಸ್ಕ್ ಬದಲಿಸಿ ರಿಪೇರ್ ಕೊಡಿ, ಟಿಕೆಟ್ ಮುಚ್ಚಿ’ ಅಂದರು. ನಾನು ಆಗಲ್ಲ ಅಂದೆ. ರೇಡ್ 5 ಒಂದು ಡಿಸ್ಕ್ ಹೋದರೆ ತಡೆಯುತ್ತದೆ, ಎರಡು ಹೋದರೆ ಇಲ್ಲ. ರಿಪೇರ್ ಒತ್ತಿದಾಗ ಹೊಸ ಡಿಸ್ಕಿಗೆ ಡೇಟಾ ಮತ್ತೆ ಕಟ್ಟುವ ರೀಬಿಲ್ಡ್ ಶುರುವಾದರೆ ಉಳಿದ ಮೂರನ್ನೂ ತುದಿಯಿಂದ ತುದಿಗೆ ಓದುತ್ತದೆ. ಆಗಲೇ ಏದುಸಿರು ಬಿಡುತ್ತಿರುವ ಬೇ 1 ನಡುವೆ ಕೈಕೊಟ್ಟರೆ ಕಥೆ ಮುಗಿಯಿತು. ಮೊದಲು ಕಾಪಿ, ಆಮೇಲೆ ರಿಪೇರ್. ಅವರಿಗೆ ಇಷ್ಟವಾಗಲಿಲ್ಲ, ಆದರೆ ಒಪ್ಪಿದರು.

ಗ್ರಾಹಕರಿಗೆ ಫೋನ್ ಮಾಡಿದೆ. ‘ಮೇಡಂ, ಎಲ್ಲಕ್ಕಿಂತ ಮೊದಲು ಯಾವುದು ಬೇಕು?’ ಅವರು ಯೋಚನೆಯನ್ನೇ ಮಾಡಲಿಲ್ಲ. ‘ಅತ್ತೆಯವರ ರೆಕಾರ್ಡಿಂಗ್ ಸರ್, ಆಮೇಲೆ ಮಗಳದ್ದು.’ ಅದೇ ಕ್ರಮದಲ್ಲಿ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಹಾಕಿದೆವು. ರೆಕಾರ್ಡಿಂಗ್‌ಗಳು, ಥೀಸಿಸ್ ಫೋಲ್ಡರ್, ಫೋಟೋಗಳು ಪೂರ್ತಿ ಬಂದವು. ಕೆಲವು ವಿಡಿಯೋ ಫೈಲ್‌ಗಳು ಓದಲು ಬರಲಿಲ್ಲ. ಅವುಗಳ ಹೆಸರನ್ನು ಪಟ್ಟಿ ಮಾಡಿ ಅವರ ಕೈಗೆ ಕೊಟ್ಟೆವು, ಮುಚ್ಚಿಡಲಿಲ್ಲ.

ಕಾಪಿ ತೆರೆದು ನೋಡಿದ ಮೇಲೆಯೇ ಬೇ 3ಕ್ಕೆ ಹೊಸ ಡಿಸ್ಕ್ ಹಾಕಿ ರಿಪೇರ್ ಒತ್ತಿದ್ದು. ಅದು ಮುಗಿದ ಮೇಲೆ ಬೇ 1ನ್ನೂ ಬದಲಿಸಿದೆವು. ಎಕ್ಸ್‌ಟರ್ನಲ್ ಡಿಸ್ಕ್ ಈಗ ಅವರ ಬಳಿಯೇ ಇದೆ. ಚುಚ್ಚಿದಾಗ ತಾನೇ ಬ್ಯಾಕಪ್ ಶುರುವಾಗುವಂತೆ ಸೆಟ್ ಮಾಡಿಕೊಟ್ಟಿದ್ದೇನೆ. ಮುಗಿದ ಕೂಡಲೇ ತೆಗೆದು ಬೇರೆ ಕೋಣೆಯಲ್ಲಿಡಿ ಅಂತಲೂ ಹೇಳಿದ್ದೇನೆ.