ಮಗುವಿನ ಅಪ್ಪನನ್ನು ಯಾರೂ ಕೇಳುವುದಿಲ್ಲವೇ?

ನಾನು ದತ್ತು ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು ಎಂದು ಗೊತ್ತಾದ ಕೂಡಲೇ ಜನ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ, ಬಸ್ಸಿನಲ್ಲೂ ಕೇಳಿದ್ದಾರೆ. "ಮಗು ಒಪ್ಪಿಸೋಕೆ ಹುಡುಗಿ ಒಬ್ಬಳೇ ಬರ್ತಾಳಲ್ಲ, ಆ ಮಗುವಿನ ಅಪ್ಪನ್ನ ಯಾರೂ ಕೇಳೋದಿಲ್ವಾ? ಅವನ ಸಹಿ ಬೇಡ್ವಾ?" ಕೆಲವರ ದನಿಯಲ್ಲಿ ಅವನ ಮೇಲಿನ ಸಿಟ್ಟಿರುತ್ತದೆ. ಕೆಲವರಿಗೆ ಅವನಿಗೆ ಅನ್ಯಾಯವಾಗುತ್ತಿದೆ ಅನ್ನಿಸಿರುತ್ತದೆ. ಇಬ್ಬರಿಗೂ ನಿಂತಲ್ಲೇ ಎರಡು ಮಾತಲ್ಲಿ ಉತ್ತರ ಹೇಳಿ ಸಾಕಾಗಿದೆ. ಇವತ್ತು ಕೂತು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ನಮ್ಮಲ್ಲಿ ಹೆತ್ತವರು ಮಗುವನ್ನು ಒಪ್ಪಿಸುವುದು 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಾವಳಿಯ ಪ್ರಕಾರ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಗಂಡ ಹೆಂಡತಿಗೆ ಹುಟ್ಟಿದ ಮಗುವಾದರೆ ಇಬ್ಬರೂ ಸಹಿ ಹಾಕಲೇಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣ ಪತ್ರ ತರಬೇಕು. ಗಂಡ ಬಿಟ್ಟು ಹೋಗಿದ್ದಾನೆ, ಎಲ್ಲಿದ್ದಾನೋ ಗೊತ್ತಿಲ್ಲ ಎಂದರೆ ಹೆಂಡತಿಯ ಒಂದೇ ಸಹಿಯಿಂದ ಕೆಲಸ ಆಗುವುದಿಲ್ಲ. ಆ ಮಗುವನ್ನು ಪರಿತ್ಯಕ್ತ ಮಗು ಎಂದು ಪರಿಗಣಿಸಿ, ಪತ್ರಿಕೆಯಲ್ಲಿ ಫೋಟೊ ಸಮೇತ ಪ್ರಕಟಣೆ ಕೊಟ್ಟು, ಹುಡುಕಿಕೊಂಡು ಬರುವವರಿಗಾಗಿ ಕಾಯುತ್ತಾರೆ. ಒಳಪುಟದ ಮೂಲೆಯಲ್ಲಿ ಪುಟ್ಟ ಕಂದಮ್ಮನ ಕಪ್ಪು ಬಿಳುಪು ಮುಖ, ಕೆಳಗೆ ನಾಲ್ಕು ಸಾಲು. ನೀವೂ ನೋಡಿ ಪುಟ ಮಗುಚಿರುತ್ತೀರಿ. ಆ ನಾಲ್ಕು ಸಾಲು ಎಷ್ಟೋ ಸಲ ಎಲ್ಲೋ ಇರುವ ಒಬ್ಬ ಅಪ್ಪನಿಗೆ ಬರೆದ ಕಾಗದ.

ಮದುವೆಯಾಗದ ಹುಡುಗಿಯ ಮಗುವಾದರೆ ನಿಯಮ ಬೇರೆ. ಅಲ್ಲಿ ಒಪ್ಪಿಸುವ ಹಕ್ಕು ತಾಯಿಗೆ ಮಾತ್ರ. ಸಾಧ್ಯವಾದಷ್ಟೂ ಸಮಿತಿಯ ಮಹಿಳಾ ಸದಸ್ಯೆಯೊಬ್ಬರ ಎದುರೇ ಸಹಿ ಹಾಕಿಸಿಕೊಳ್ಳಬೇಕು ಎಂದೂ ಇದೆ. ಅಪ್ಪನ ಸಹಿ ಬೇಡ. ಅವನ ಹೆಸರು ಹೇಳು ಎಂದು ಅವಳನ್ನು ಒತ್ತಾಯಿಸುವ ಹಾಗೂ ಇಲ್ಲ.

ಇದು ಸರಿಯಾದ ನಿಯಮ ಎಂದು ನಾನು ನಂಬುತ್ತೇನೆ. ನಮ್ಮ ಕೇಂದ್ರದ ಆ ಚಿಕ್ಕ ಕೋಣೆಯಲ್ಲಿ ಕೂತ ಹುಡುಗಿಯರನ್ನು ನೋಡಿದ್ದರೆ ನೀವೂ ನಂಬುತ್ತಿದ್ದಿರಿ. ಎದೆಹಾಲು ಕಟ್ಟಿ ನೋವು, ದುಪ್ಪಟ್ಟಾ ಎರಡು ಸುತ್ತು ಬಿಗಿದುಕೊಂಡಿರುತ್ತಾರೆ. ಪಕ್ಕದಲ್ಲಿ ತಾಯಿ, ಇಲ್ಲವೇ ಚಿಕ್ಕಮ್ಮ. ಊರಲ್ಲಿ "ಬೆಂಗಳೂರಲ್ಲಿ ಟ್ರೈನಿಂಗ್" ಎಂದು ಹೇಳಿ ಬಂದಿರುತ್ತಾರೆ. ಹುಡುಗ ಫೋನ್ ನಂಬರ್ ಬದಲಾಯಿಸಿ ತಿಂಗಳುಗಳಾಗಿರುತ್ತದೆ. ಇಂಥವಳಿಗೆ ಹೋಗಿ ಅವನ ಸಹಿ ತಂದುಕೊಡು ಅಂದರೆ ಅವಳು ಕೇಂದ್ರಕ್ಕೇ ಬರುವುದಿಲ್ಲ. ಮಗು ಪೊದೆಗೋ ದಲ್ಲಾಳಿಯ ಕೈಗೋ ಹೋಗುತ್ತದೆ. ಮದುವೆಯಾಗದ ತಾಯಿ ತನ್ನ ಮಗುವಿಗೆ ತಾನೊಬ್ಬಳೇ ಪೋಷಕಿಯಾಗಲು ಕೇಳಿದರೆ ತಂದೆಗೆ ನೋಟಿಸು ಕೊಡಬೇಕಾಗಿಲ್ಲ, ಅವನ ಹೆಸರನ್ನೂ ಅವಳು ಹೇಳಬೇಕಾಗಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಈ ಕೆಲಸ ಮಾಡುವ ನಮಗೆಲ್ಲ ಉಸಿರು ಬಂದಂತಾಗಿತ್ತು.

ಹುಡುಗಿಗೆ ಹದಿನೆಂಟು ತುಂಬದಿದ್ದರೆ ಮಾತೇ ಬೇರೆ. ಅಲ್ಲಿ ಅವನು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆಯ, ಪ್ರಕರಣದ ಆರೋಪಿ. ಆಸ್ಪತ್ರೆಯವರಾಗಲಿ ನಾವಾಗಲಿ ಪೊಲೀಸರಿಗೆ ತಿಳಿಸದೆ ಇರುವ ಹಾಗಿಲ್ಲ. ಅತ್ಯಾಚಾರಕ್ಕೊಳಗಾದ ಅಪ್ರಾಪ್ತೆಯ ಮಗುವನ್ನು ದತ್ತು ಕೊಡಲು ಆರೋಪಿಯ ಒಪ್ಪಿಗೆ ಬೇಕಿಲ್ಲ ಎಂದು 2024ರಲ್ಲಿ ನಮ್ಮ ಹೈಕೋರ್ಟೇ ಹೇಳಿದೆ. ಅದಕ್ಕೆ ನಾನು ಸೇರಿಸುವುದು ಏನೂ ಇಲ್ಲ.

ಹಾಗಾದರೆ ಅಪ್ಪನಿಗೆ ಕಾನೂನಿನಲ್ಲಿ ಜಾಗವೇ ಇಲ್ಲವೇ? ಇದೆ. 2021ರಲ್ಲಿ ಕೇರಳ ಹೈಕೋರ್ಟ್ ಮುಂದೆ ಒಂದು ಜೋಡಿ ಬಂತು. ಮದುವೆಯಾಗದೆ ಒಟ್ಟಿಗೆ ಬಾಳಿದವರು. ಅವನು ದೂರವಾದ ಹೊತ್ತಿನಲ್ಲಿ ಅವಳು ಒಬ್ಬಂಟಿ ತಾಯಿಯಾಗಿ ಮಗುವನ್ನು ಒಪ್ಪಿಸಿದಳು. ಮಗು ದತ್ತು ಹೋಯಿತು. ಆಮೇಲೆ ಇಬ್ಬರೂ ಒಂದಾಗಿ ಮಗುವನ್ನು ವಾಪಸು ಕೇಳಿದರು. ಹೀಗೆ ಒಟ್ಟಿಗೆ ಬಾಳಿದವರ ಮಗುವನ್ನು, ಒಪ್ಪಿಸುವ ವಿಷಯದಲ್ಲಿ, ದಂಪತಿಗೆ ಹುಟ್ಟಿದ ಮಗುವಿನಂತೆಯೇ ನೋಡಬೇಕಿತ್ತು, ತಂದೆಯನ್ನೂ ಕೇಳಬೇಕಿತ್ತು ಎಂದು ಕೋರ್ಟ್ ಹೇಳಿತು. ಆ ತೀರ್ಪು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗುವನ್ನು ಮನೆ ತುಂಬಿಸಿಕೊಂಡಿದ್ದ ಆ ಇನ್ನೊಂದು ಸಂಸಾರದ ಗತಿ ಏನು ಎಂಬ ಯೋಚನೆ. ಅಂದಿನಿಂದ ನಾನು ಪ್ರತಿ ಹುಡುಗಿಯನ್ನೂ ಕೇಳುತ್ತಿದ್ದೆ: "ಹೆಸರು ಬೇಡಮ್ಮ. ನೀವಿಬ್ಬರೂ ಒಂದೇ ಮನೇಲಿದ್ರಾ? ಅಷ್ಟು ಹೇಳು ಸಾಕು."

ಸಹಿ ಹಾಕಿದ ದಿನದಿಂದ ಅರವತ್ತು ದಿನ ಮಗು ಯಾರಿಗೂ ಹೋಗುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅದು ಮನಸ್ಸು ಬದಲಾಯಿಸಿಕೊಳ್ಳಲು ಕಾನೂನು ಕೊಟ್ಟ ಕಾಲ. ಅದು ಕಳೆದ ಮೇಲಷ್ಟೇ ಸಮಿತಿ ಮಗುವನ್ನು ದತ್ತಿಗೆ ಮುಕ್ತ ಎಂದು ಘೋಷಿಸುತ್ತದೆ. ಮಗು ತನಗೆ ಬೇಕು ಅನ್ನುವ ಹುಡುಗ ಮಾತಾಡಬೇಕಾದ್ದು ಆ ಅರವತ್ತು ದಿನದೊಳಗೆ, ಸಮಿತಿಯ ಮುಂದೆ, ಬರವಣಿಗೆಯಲ್ಲಿ. ಹುಡುಗಿಯ ಮನೆ ಮುಂದೆ ಗಲಾಟೆ ಮಾಡಿ ಪ್ರಯೋಜನವಿಲ್ಲ. ಹಿಂದೂ ಕಾನೂನಿನಲ್ಲಿ ಮದುವೆಯಾಚೆಗೆ ಹುಟ್ಟಿದ ಮಗುವಿಗೆ ಮೊದಲ ಪೋಷಕಿ ತಾಯಿ, ಅವಳ ನಂತರವೇ ತಂದೆ. ಇದು ತಿಳಿದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಅದಕ್ಕಿಂತ ಕೆಟ್ಟ ಇನ್ನೊಂದು ದಾರಿ ಇದೆ. "ನನ್ನ ಫ್ರೆಂಡಿಗೆ ಗೊತ್ತಿರೋ ಪಾರ್ಟಿ ಇದ್ದಾರೆ, ಆಸ್ಪತ್ರೆ ಖರ್ಚು ಅವರೇ ನೋಡ್ಕೋತಾರೆ" ಎಂದು ಮುಂದೆ ಬರುವ ಹುಡುಗ. ದುಡ್ಡು ಕೈ ಬದಲಾಯಿತು ಅಂದರೆ ಅದು ಮಗುವಿನ ಮಾರಾಟ. ಐದು ವರ್ಷದವರೆಗೆ ಕಠಿಣ ಸಜೆ, ಮೇಲೆ ಒಂದು ಲಕ್ಷ ರೂಪಾಯಿ ದಂಡ. ಹುಡುಗಿಯನ್ನೂ ಅದರಲ್ಲಿ ಸಿಕ್ಕಿಸುತ್ತಾನೆ.

ಈಗ ನಾನು ನಿಜಕ್ಕೂ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಸಹಿ ಬೇಡ ಅಂದ ಮಾತ್ರಕ್ಕೆ ಅವನಿಂದ ಏನೂ ಬೇಡ ಎಂದಾಗುವುದಿಲ್ಲ. ಮಗುವಿನ ಕಡತದಲ್ಲಿ ಕುಟುಂಬದ ಆರೋಗ್ಯದ ಹಿನ್ನೆಲೆ ಬರೆಯಬೇಕು. ತಾಯಿಯ ಕಡೆಯದು ಅಷ್ಟೋ ಇಷ್ಟೋ ತುಂಬುತ್ತದೆ. ತಂದೆಯ ಕಡೆ ನನ್ನ ಕೈಯಲ್ಲೇ ನೂರಾರು ಸಲ "ಮಾಹಿತಿ ಲಭ್ಯವಿಲ್ಲ" ಎಂದು ಬರೆದಿದ್ದೇನೆ. ಮುಂದೆ ಆ ಮಗುವಿಗೆ ಆರು ವರ್ಷಕ್ಕೆ ಮೂರ್ಛೆ ಬಂದು ಡಾಕ್ಟರು "ಮನೇಲಿ ಯಾರಿಗಾದರೂ ಇತ್ತಾ?" ಎಂದು ಕೇಳಿದರೆ, ಸಾಕಿದ ಅಪ್ಪ ಅಮ್ಮನ ಹತ್ತಿರ ಇರುವುದು ಆ ಎರಡು ಪದ ಮಾತ್ರ.

ಒಂದು ಮಧ್ಯಾಹ್ನ ಒಬ್ಬ ಹುಡುಗ ಬಂದ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಗೇಟಿನ ಒಳಗಿನ ಕಲ್ಲುಬೆಂಚಿನ ಮೇಲೆ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂತಿದ್ದನಂತೆ. ಒಳಗೆ ಕರೆದೆ. ಹುಡುಗಿಯ ಹೆಸರು ಹೇಳಿ, "ಮಗು ಇಲ್ಲೇ ಇದೆ ಅಂತ ಗೊತ್ತು ಮೇಡಂ. ಒಂದ್ಸಲ ನೋಡಬಹುದಾ?" ಅಂದ. ಇದೆ ಅಂತಲೂ ಇಲ್ಲ ಅಂತಲೂ ಹೇಳುವ ಅಧಿಕಾರ ನನಗಿರಲಿಲ್ಲ. ಅದನ್ನೇ ಹೇಳಿದೆ. ಅವನು ಜೋರು ಮಾಡಲಿಲ್ಲ. "ಸರಿ ಮೇಡಂ" ಎಂದು ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತಾ ಕೂತ. ಎದ್ದು ಹೋಗಲಿಲ್ಲ.

ನಂಬರ್ ಬರೆದುಕೊಂಡು ಕಳಿಸಿದೆ. ಸಂಜೆ ಹುಡುಗಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಂಗೆ ಅವನ್ನ ನೋಡೋದು ಬೇಡಕ್ಕ. ಮಗುಗೆ ಏನಾದ್ರೂ ಉಪಯೋಗ ಆಗೋದಿದ್ರೆ ಅವನ ಹತ್ರ ಬರೆಸ್ಕೊಳಿ" ಅಂದಳು. ಸಮಿತಿಗೂ ತಿಳಿಸಿದೆ. ಮೂರು ದಿನ ಬಿಟ್ಟು ಅವನು ಮತ್ತೆ ಬಂದ, ಮನೆಯವರ ಕಾಯಿಲೆ ಕಸಾಲೆಯನ್ನು ತನ್ನ ತಾಯಿಯಿಂದ ಕೇಳಿ ತಿಳಿದುಕೊಂಡು. ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತು. ಚಿಕ್ಕಪ್ಪನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ತನಗೆ ಚಿಕ್ಕವನಿದ್ದಾಗ ಫಿಟ್ಸ್ ಬರುತ್ತಿತ್ತು, ಎಂಟು ವರ್ಷಕ್ಕೆ ನಿಂತಿತು. ರಕ್ತದ ಗುಂಪು ಗೊತ್ತಿರಲಿಲ್ಲ, ಅಲ್ಲಿಂದಲೇ ಲ್ಯಾಬಿಗೆ ಹೋಗಿ ಚೀಟಿ ತಂದುಕೊಟ್ಟ. ಕೊನೆಗೆ, "ಎಡಗೈಲಿ ಬರೀತೀನಿ ನಾನು. ಸ್ಕೂಲಲ್ಲಿ ತುಂಬ ಹೊಡೆಸ್ಕೊಂಡಿದೀನಿ. ಅದೂ ಬರ್ಕೊಳಿ ಮೇಡಂ, ಮಗುನೂ ಹಂಗೇ ಬರೆದ್ರೆ ಹೊಡೀಬಾರದು" ಅಂದ. ಅದಕ್ಕೆ ಕಡತದಲ್ಲಿ ಕಾಲಂ ಇರಲಿಲ್ಲ. ಇತರೆ ಎಂಬಲ್ಲಿ ಬರೆದೆ.

ಮಗುವನ್ನು ಅವನು ನೋಡಲಿಲ್ಲ. ಅರವತ್ತು ದಿನ ಕಳೆಯಿತು, ಮಗು ಮನೆ ಸೇರಿತು. ಹದಿನೆಂಟು ತುಂಬಿದ ಮೇಲೆ ಆ ಮಗು ತನ್ನ ಮೂಲ ಹುಡುಕಲು ತಾನೇ ಅರ್ಜಿ ಹಾಕಬಹುದು. ಹೆತ್ತವರು ಗುರುತು ಬೇಡ ಎಂದಿದ್ದರೆ ಅವರ ಒಪ್ಪಿಗೆ ಕೇಳಿಯೇ ಮುಂದಿನ ಮಾತು. ಕಾಗದ ಮಾತ್ರ ಕಾದಿರುತ್ತದೆ.

ಈಗ ಯಾರಾದರೂ ಹುಡುಗಿ "ಅವನಿಗೆ ಹೇಳಲೇಬೇಕಾ ಅಕ್ಕ?" ಎಂದರೆ, ಬೇಕಿಲ್ಲ ಅನ್ನುತ್ತೇನೆ. ಹೊಡೆಯುವವನಾದರೆ, ಹೆದರಿಸುವವನಾದರೆ ಹೇಳಲೇಬೇಡ ಅನ್ನುತ್ತೇನೆ. ಯಾರಾದರೂ ಹುಡುಗ ಕೇಳಿದರೆ, ಬಾ ಅನ್ನುತ್ತೇನೆ. ಅವಳ ಮನೆಗೆ ಬೇಡ, ಸಮಿತಿಯ ಕಚೇರಿಗೆ ಬಾ. ದಾರಿ ಗೊತ್ತಾಗದಿದ್ದರೆ 1098ಕ್ಕೆ ಫೋನ್ ಮಾಡಿ ಜಿಲ್ಲೆಯ ಸಮಿತಿ ಎಲ್ಲಿದೆ ಎಂದು ಕೇಳು.

ಆ ಹೆಲ್ಮೆಟ್ಟಿನ ಹುಡುಗ ಮೂರು ವರ್ಷದ ಮೇಲೆ ಮತ್ತೊಮ್ಮೆ ಫೋನ್ ಮಾಡಿದ್ದ. ಮಗು ಹೇಗಿದೆ, ಎಲ್ಲಿದೆ ಅಂತ ಒಂದು ಮಾತೂ ಕೇಳಲಿಲ್ಲ. "ಅಪ್ಪಂಗೆ ಕಿಡ್ನಿ ತೊಂದರೆ ಅಂತ ಗೊತ್ತಾಯ್ತು ಮೇಡಂ. ವಂಶದಲ್ಲಿ ಬರೋದಂತೆ, ಡಾಕ್ಟ್ರು ಹೇಳಿದ್ರು. ಅದನ್ನೂ ಸೇರಿಸ್ತೀರಾ?"

ಕಪಾಟಿನಿಂದ ಕಡತ ತೆಗೆದು, ತಾರೀಖು ಹಾಕಿ, ಎಡಗೈಯ ಸಾಲಿನ ಕೆಳಗೆ ಬರೆದೆ.